ಹಿಂಬಾಗಿಲ ಕಾಯ್ದೆ

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ನನ್ನ ದೊಡ್ಡೋನೇ,

ಹೇಗಿದ್ದೀಯಪ್ಪಾ? ಮೊಣಕಾಲು ನೋವು ಕಡಿಮೆಯಾಯಿತೇ? ಹೋದ ಸಲ ಜಾಲರಿಯ ಆಚೆ ನೀನು ಬೆಂಚಿಗೆ ಕೈ ಊರಿ ಎದ್ದದ್ದನ್ನು ನೋಡಿದೆ. ಮೂವತ್ತೊಂದು ವರ್ಷದವನು ಹಾಗೆ ಏಳಬಾರದು. ಮಲಗುವಾಗ ಹಾಸಿಗೆಯ ಕೆಳಗೆ ಹಳೆಯ ಪೇಪರ್ ಹಾಸಿಕೋ, ಸಿಮೆಂಟಿನ ಥಂಡಿ ಮೈಗೆ ಏರುವುದಿಲ್ಲ. ನಾನು ಕಳಿಸಿದ ಉಣ್ಣೆಯ ಕಾಲುಚೀಲ ನಿನ್ನ ಕೈ ಸೇರಿತೋ, ದಾರಿಯಲ್ಲೇ ಬೇರೆ ಯಾರದಾದರೂ ಕಾಲು ಸೇರಿತೋ ತಿಳಿಸು. ಈ ಕಾಗದವನ್ನು ನನ್ನ ಮಗನಿಗಿಂತ ಮೊದಲು ಒಡೆದು ಓದುವ ಸಾಹೇಬರೇ, ಕಾಲುಚೀಲದ ಮಾತು ನಿಮಗೆ ಅಂದದ್ದಲ್ಲ, ತಪ್ಪು ತಿಳಿಯಬೇಡಿ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ ಕಣೋ. ಬಲಗೈಯ ಹೆಬ್ಬೆರಳು ಮಾತ್ರ ಮಡಚುವಾಗ ಲಟಕ್ಕೆನ್ನುತ್ತದೆ. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದ ಬೆರಳು, ಅದಕ್ಕೂ ಸಾಕಾಗಿದೆ. ಚಿಕ್ಕಮ್ಮ ವಾರಕ್ಕೆರಡು ಸಲ ಬಂದು ನಾನು ಊಟ ಮಾಡಿದೆನೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೋಗುತ್ತಾಳೆ.

ಹೋದ ವರ್ಷ ನೀನೊಂದು ಕಾಗದ ಬರೆದಿದ್ದೆ. ಅದನ್ನು ಮಡಚಿ ಇಟ್ಟಿದ್ದೇನೆ, ಹರಿದಿಲ್ಲ. "ನಾನಾದ್ರೂ ಅವ್ನಿಗೆ ಒಂದು ಏಟು ಕೊಟ್ಟೆ. ನೀನು ಪೂಜಾರಿ, ಪಾದ್ರಿ, ಮೌಲ್ವಿ ಹಿಂದೆ ಅರ್ಜಿ ಹಿಡ್ಕೊಂಡು ಓಡಾಡ್ತಿದೀಯ. ನಾಚ್ಕೆ ಆಗಲ್ವಾ ನಿಂಗೆ?" ಎಂದು ಕೇಳಿದ್ದೆ. ಅದಕ್ಕೆ ನಾನು ಉತ್ತರ ಬರೆಯಲಿಲ್ಲ. ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈಗ ಇದೆ. ಅದಕ್ಕೇ ಇವತ್ತು ಬಾಗಿಲು ಹಾಕಿಕೊಂಡು ಕೂತು ಮೊದಲಿನಿಂದ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಇರುತ್ತದೆ, ಬೇಸರ ಮಾಡಿಕೊಳ್ಳದೆ ಓದು. ಗೊತ್ತಿಲ್ಲದ್ದೊಂದು ಅದರ ನಡುವೆಯೇ ಇದೆ.

ಆಸ್ಪತ್ರೆಗಳ ಚಾದರ ಒಗೆಯುವ ಆ ಲಾಂಡ್ರಿಯಲ್ಲಿ ನಾನು ಇಸ್ತ್ರಿ ಹಾಲಿನಲ್ಲಿದ್ದೆ, ನಿನ್ನ ತಂಗಿ ಗೋಡೆಯ ಆಚೆ ಒಗೆಯುವ ಕೋಣೆಯಲ್ಲಿ. ಚಾದರಗಳು ಕಳುವಾಗುತ್ತಿವೆ ಎಂಬ ಅನುಮಾನಕ್ಕೆ ಮಾಲೀಕ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ್ದ. ಆ ದಿನ ಯಾರೋ ಬಿಳುಪು ಮದ್ದಿನ ಡ್ರಮ್ಮಿಗೂ ಆಸಿಡ್ ಡ್ರಮ್ಮಿಗೂ ಒಂದೇ ಕೊಳವೆ ಜೋಡಿಸಿದರು. ಡ್ರಮ್ಮುಗಳಿದ್ದದ್ದು ಮುಂಬಾಗಿಲ ಪಕ್ಕದಲ್ಲಿ, ವಿಷದ ಹೊಗೆ ಎದ್ದದ್ದೂ ಅಲ್ಲೇ. ಹೆಣ್ಣುಮಕ್ಕಳೆಲ್ಲ ಹಿಂಬಾಗಿಲಿಗೆ ಓಡಿದರು. ಬೀಗದ ಕೈ ಮೇಸ್ತ್ರಿಯ ಜೇಬಿನಲ್ಲಿತ್ತು, ಮೇಸ್ತ್ರಿ ಬೀದಿಯ ಆ ಕೊನೆಯಲ್ಲಿದ್ದ. ಏಳು ಜನ, ನಿನ್ನ ತಂಗಿಯೂ ಸೇರಿ. ಆಮೇಲೆ ಕೋರ್ಟಿನಲ್ಲಿ ಏನಾಯಿತೆಂದು ನೋಡಿದ್ದೀಯಲ್ಲ. ನಮ್ಮ ರಾಜ್ಯದ ಕಾನೂನಿನಲ್ಲಿ ಕೆಲಸದ ಜಾಗಕ್ಕೆ ಬೀಗ ಹಾಕಿದರೆ ದಂಡ ಅಷ್ಟೇ, ಅದೂ ಮೇಸ್ತ್ರಿಯ ಹೆಸರಿಗೆ. ಮಾಲೀಕ ಸಾಕ್ಷಿಯಂತೆ ಬಂದು ಸಾಕ್ಷಿಯಂತೆ ಹೋದ. ಮೆಟ್ಟಿಲಿಳಿದು ಕಾರಿನ ಬಾಗಿಲು ತೆಗೆಯುವಾಗ ನೀನು ಕೊಳಾಯಿ ಪೈಪಿನಿಂದ ಅವನ ಬಲಗೈ ಮುರಿದೆ. ಏಳು ಜೀವಕ್ಕೆ ಒಂದು ದಂಡ, ಒಂದು ಮಣಿಕಟ್ಟಿಗೆ ಆರು ವರ್ಷ. ತೀರ್ಪು ಓದಿದಾಗ ನಾನು ಅಳಲಿಲ್ಲ. ನನ್ನೊಳಗೆ ಏನೋ ತಣ್ಣಗೆ, ಗಟ್ಟಿಯಾಗಿ ಕೂತುಕೊಂಡಿತು. ಅದು ಇವತ್ತಿಗೂ ಎದ್ದು ಹೋಗಿಲ್ಲ.

ಆ ಮೂರು ಧರ್ಮದವರು ಒಟ್ಟಾದದ್ದು ಎಲ್ಲಿ ಗೊತ್ತೇ? ಶವಾಗಾರದ ಬಾಗಿಲಲ್ಲಿ. ಸತ್ತ ಏಳು ಜನರಲ್ಲಿ ಎಲ್ಲ ದೇವರ ಮಕ್ಕಳೂ ಇದ್ದರು. ಅರ್ಚಕರು, ಪಾದ್ರಿ, ಮೌಲ್ವಿ ಮೂವರೂ ಒಂದೇ ಬೆಂಚಿನಲ್ಲಿ ಕೂತು ಕಾಗದಕ್ಕೆ ಸೀಲು ಬೀಳುವುದನ್ನು ಕಾಯುತ್ತಿದ್ದರು. ಪರಿಚಯವಿರಲಿಲ್ಲ, ಮಾತು ತೆಗೆಯಲು ನೆಪವೂ ಇರಲಿಲ್ಲ. ಕೊನೆಗೆ ಪಾದ್ರಿಯೇ "ಇನ್ನೊಂದು ಸಲ ಇಲ್ಲಿ ಹೀಗೆ ಕೂರೋದಕ್ಕೆ ನಂಗಿಷ್ಟ ಇಲ್ಲ" ಅಂದರಂತೆ. ಒಂದು ತಿಂಗಳಲ್ಲಿ ಮೂವರೂ ಸೇರಿ ಹೊಸ ಕಾನೂನಿನ ಕರಡು ಬರೆಸಿದರು. ಒಳಗೆ ಜನ ಇರುವಾಗ ಯಾವ ಬಾಗಿಲಿಗೂ ಬೀಗ ಬೀಳಕೂಡದು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಮುಂಚಿತವಾಗಿ ನೋಟಿಸು ಕೊಡದೆ ಒಳಗೆ ಬರಬಹುದು. ಗೊತ್ತಿದ್ದೂ ಬೀಗ ಹಾಕಿಸಿದರೆ ಮೇಸ್ತ್ರಿ ಅಲ್ಲ, ಮಾಲೀಕನೇ ಜೈಲಿಗೆ. ಇದನ್ನು ಹಿಡಿದು ಮೂವರೂ ನಮ್ಮ ಮನೆಗೆ ಬಂದಾಗ ಕೂರಿಸಲು ಇದ್ದದ್ದು ಎರಡೇ ಕುರ್ಚಿ. ಅರ್ಚಕರು ನಿನ್ನ ತಂಗಿಯ ಟ್ರಂಕಿನ ಮೇಲೆ ಕೂತರು. ಪಾದ್ರಿ ಕರುಣೆಯ ಬಗ್ಗೆ ಏನೋ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ, "ಕರುಣೆ ನಿಮ್ಮ ಹತ್ರಾನೇ ಇರ್ಲಿ ಸ್ವಾಮಿ. ನಂಗೆ ಅವ್ನ ಕೈಗೆ ಬೇಡಿ ಬೀಳೋದು ನೋಡ್ಬೇಕು. ಅದಕ್ಕೆ ಆಗೋದಾದ್ರೆ ಬರ್ತೀನಿ" ಅಂದೆ. ಪಾದ್ರಿ ಕೆಂಪಾದರು. ಮೌಲ್ವಿ ಮಾತ್ರ ಗಡ್ಡ ಸವರಿಕೊಂಡು, "ಸಿಟ್ಟನ್ನ ಚಪ್ಪಲಿ ಥರ ಹೊರಗೆ ಬಿಟ್ಟು ಬರ್ಬೇಡಿ ಅಮ್ಮಾ. ಒಳಗೇ ತನ್ನಿ, ನಮ್ಗೆ ಬೇಕಾಗುತ್ತೆ" ಅಂದರು. ಆ ಒಂದು ಮಾತಿಗೆ ನಾನು ಹೋದೆ.

ಮೂರು ವರ್ಷ ಓಡಾಡಿದೆವು. ಅರ್ಚಕರನ್ನು ನೀನು ನೋಡಬೇಕಿತ್ತು! ಶಾಸನಸಭೆಯ ನಿಯಮಗಳ ಪುಸ್ತಕವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದರು. ಯಾವ ಗುಮಾಸ್ತ "ಹಾಗೆ ಬರಲ್ಲ ಸ್ವಾಮಿ" ಅಂದರೂ ಕಣ್ಣು ಮುಚ್ಚಿ ನಿಯಮದ ಸಂಖ್ಯೆ ಹೇಳುತ್ತಿದ್ದರು. ಗುಡಿಯಲ್ಲಿ, ಚರ್ಚಿನಲ್ಲಿ, ಮಸೀದಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬಾಗಿಲ ಪಕ್ಕ ಒಂದು ಮೇಜು, ಮೇಜಿನ ಮೇಲೆ ಪೋಸ್ಟ್ ಕಾರ್ಡಿನ ಕಟ್ಟು. ಓದು ಬಾರದವರಿಗೆ ನಾನು ಬರೆದುಕೊಡುತ್ತಿದ್ದೆ. ಏಳನೇ ಕ್ಲಾಸು ಓದಿದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು. ನಮ್ಮ ಮಸೂದೆ ಶಾಸನಸಭೆಯ ಕಾರ್ಮಿಕ ಸಮಿತಿಗೆ ಹೋಗಿ ಅಲ್ಲೇ ಮಲಗಿತು. ಸಮಿತಿಯ ಅಧ್ಯಕ್ಷ ನಮ್ಮ ಕಡೆಯ ಶಾಸಕನೇ. ಮೂರು ದೇವರಿಗೂ ಕೈ ಮುಗಿಯುವ, ಮೂರು ಕಡೆಯೂ ಮೊದಲ ಸಾಲಿನಲ್ಲೇ ಕೂರುವ ಆಸಾಮಿ. ಹೋದಾಗಲೆಲ್ಲ ನನ್ನ ಎರಡೂ ಕೈ ಹಿಡಿದು "ಆಗುತ್ತೆ ಅಮ್ಮಾ, ಆಗುತ್ತೆ" ಅನ್ನುತ್ತಿದ್ದ. ಅವನ ಅಂಗೈ ಎಷ್ಟು ಮೆತ್ತಗಿತ್ತೆಂದರೆ ಮನೆಗೆ ಬಂದು ಕೈ ತೊಳೆದುಕೊಳ್ಳುತ್ತಿದ್ದೆ.

ಒಂದು ದಿನ ಅರ್ಚಕರು ಕನ್ನಡಕ ಒರೆಸುತ್ತಾ, "ಅಮ್ಮಾ, ಒಂದು ವಿಷಯ ನಿಮ್ಗೆ ಮೊದ್ಲೇ ಹೇಳ್ಬೇಕಿತ್ತು. ಈ ಕಾನೂನು ಹಿಂದೆ ನಡೆದಿದ್ದಕ್ಕೆ ಅನ್ವಯಿಸಲ್ಲ" ಅಂದರು. ಅಂದರೆ ನಿನ್ನ ತಂಗಿಯ ಸಾವಿಗೆ ಅವನನ್ನು ಯಾರೂ ಮುಟ್ಟುವಂತಿಲ್ಲ. ನಾನು ಪೋಸ್ಟ್ ಕಾರ್ಡಿನ ಕಟ್ಟನ್ನು ಅಲ್ಲೇ ನೆಲಕ್ಕೆ ಹಾಕಿ ಮನೆಗೆ ಬಂದೆ. ಒಂಬತ್ತು ದಿನ ಹೊರಗೆ ಕಾಲಿಡಲಿಲ್ಲ. ಹತ್ತನೇ ದಿನ ಬಟ್ಟೆ ಮಡಚುತ್ತಾ ಕೂತಿದ್ದಾಗ ಒಂದು ಯೋಚನೆ ಬಂತು. ಆ ಮನುಷ್ಯನ ಅಂಗಿಗಳನ್ನು ನಾನು ಹನ್ನೊಂದು ವರ್ಷ ಇಸ್ತ್ರಿ ಮಾಡಿದ್ದೇನೆ. ಅವನ ಕತ್ತಿನ ಅಳತೆ ಗೊತ್ತು, ಯಾವ ಜೇಬಿನಲ್ಲಿ ಪೆನ್ನು ಸೋರುತ್ತದೆಂದು ಗೊತ್ತು, ಒಂದೇ ತಪ್ಪಿಗೆ ಪ್ರತಿ ವಾರ ಮೇಸ್ತ್ರಿಯನ್ನು ಬೈಯುತ್ತಿದ್ದ ಅವನ ದನಿ ಗೊತ್ತು. ಅವನು ಬದಲಾಗುವ ಪೈಕಿ ಅಲ್ಲ. ಹೊಸ ಲಾಂಡ್ರಿ ತೆರೆದಿದ್ದಾನೆ, ಅಲ್ಲೂ ಚಾದರ ಇರುತ್ತದೆ, ಅನುಮಾನ ಇರುತ್ತದೆ, ಬೀಗವೂ ಇರುತ್ತದೆ. ಕಾನೂನು ಬರಲಿ, ಆಮೇಲೆ ನಾನು ಕಾಯುತ್ತೇನೆ ಅಂದುಕೊಂಡೆ. ಎದ್ದು ತಲೆ ಬಾಚಿಕೊಂಡು ಹೋದೆ. ಪಾದ್ರಿ ಪೋಸ್ಟ್ ಕಾರ್ಡುಗಳನ್ನು ಎತ್ತಿ, ಧೂಳು ಒರೆಸಿ, ನನ್ನ ಜಾಗದಲ್ಲೇ ಇಟ್ಟಿದ್ದರು.

ಅಧ್ಯಕ್ಷನನ್ನು ಅಲುಗಿಸಿದ್ದು ಆ ಮೂವರೇ. ಮೂವರೂ ಒಂದೇ ವಾರದಲ್ಲಿ, ಪ್ರಾರ್ಥನೆಗೆ ಬಂದ ಅವನ ಕಿವಿಯಲ್ಲಿ ಒಂದೇ ಮಾತು ಹೇಳಿದರು: "ಬನ್ನಿ ಸ್ವಾಮಿ, ದೇವ್ರ ಬಾಗ್ಲು ಎಲ್ರಿಗೂ ತೆರೆದಿದೆ. ಆದ್ರೆ ಆ ಮಸೂದೆ ಹೊರಗೆ ಬರೋವರೆಗೂ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ." ಮೊದಲ ಸಾಲಿನಲ್ಲಿ ನಮ್ಮ ಏಳು ಮನೆಯವರನ್ನು ಕೂರಿಸಿದರು. ಚುನಾವಣೆಗೆ ಎಂಟು ತಿಂಗಳಿತ್ತು. ನಾಲ್ಕನೇ ವಾರಕ್ಕೆ ಸಮಿತಿಯ ವಿಚಾರಣೆಗೆ ದಿನಾಂಕ ಬಂತು. ಆದರೆ ಒಂದು ಷರತ್ತಿನ ಮೇಲೆ. ಬೀಗ ನಿಷೇಧಿಸೋಣ, ಮಾಲೀಕನಿಗೆ ಜೈಲು ಅನ್ನುವ ಕಲಮನ್ನು ಮಾತ್ರ ಕೈಬಿಡೋಣ ಅಂದ. ಪಾದ್ರಿ ಒಪ್ಪುವ ಹಾಗಿದ್ದರು. "ಅರ್ಧ ಸಿಕ್ಕಿದ್ರೂ ಎಷ್ಟೋ ಜೀವ ಉಳಿಯುತ್ತೆ ಅಮ್ಮಾ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ನನಗೆ ಉಳಿಯುವ ಜೀವಗಳ ಲೆಕ್ಕ ಬೇಕಿರಲಿಲ್ಲ, ಅದನ್ನು ನಿನ್ನ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? "ಬಾಗ್ಲು ಅವ್ರಿಗಿರ್ಲಿ, ಆ ಕಲಮು ನಂದು. ಅದನ್ನ ಬಿಟ್ರೆ ನಾನು ಮಾತಾಡಲ್ಲ" ಅಂದೆ. ನಾನು ಮಾತಾಡದಿದ್ದರೆ ವಿಚಾರಣೆಗೆ ಅರ್ಥವಿಲ್ಲ ಎಂದು ಅವರಿಗೂ ಗೊತ್ತಿತ್ತು.

ಇನ್ನು ನಿನಗೆ ಗೊತ್ತಿಲ್ಲದ ಮಾತು. ಕೂತು ಓದು ಕಂದಾ. ರಾಜಧಾನಿಯ ಆ ಸಭಾಕೋಣೆಯಲ್ಲಿ ಉದ್ದನೆಯ ಮೇಜು, ಪ್ರತಿ ಸದಸ್ಯನ ಮುಂದೆ ಮುಚ್ಚಳವಿಟ್ಟ ನೀರಿನ ಲೋಟ. ಮಾಲೀಕನೂ ಬಂದು ಗೋಡೆಯ ಪಕ್ಕ ಕೂತಿದ್ದ. ಅವನ ಕಡೆಯ ವಕೀಲ ಎದ್ದು, ಅವತ್ತು ಐದೇ ನಿಮಿಷದಲ್ಲಿ ಬಾಗಿಲು ತೆಗೆಸಿದೆವು, ಇದು ವಿಧಿಯಾಟ, ಇದಕ್ಕೆ ಕಾನೂನು ಏನು ಮಾಡೀತು ಅಂದ. ಆಮೇಲೆ ನನ್ನನ್ನು ಕರೆದರು. ಬರೆದುಕೊಂಡು ಹೋಗಿದ್ದ ಹಾಳೆಯನ್ನು ನಾನು ತೆರೆಯಲೇ ಇಲ್ಲ. ನಾನು ಹೇಳಿದ್ದು ಇಷ್ಟು. "ಅವತ್ತು ಗೋಡೆ ಆಚೆಯಿಂದ ದಬ್ ದಬ್ ಅಂತ ಸದ್ದು ಬರ್ತಿತ್ತು. ಮಿಷನ್ನಿಗೆ ಬಟ್ಟೆ ಒಂದೇ ಕಡೆ ತುಂಬಿದ್ರೆ ಹಾಗೇ ಬಡ್ಕೊಳ್ಳುತ್ತೆ. ನಾನು ಪಕ್ಕದವಳಿಗೆ, ನನ್ನ ಮಗ್ಳು ಇವತ್ತೂ ಸರಿಯಾಗಿ ತುಂಬಿಲ್ಲ ನೋಡು ಅಂತ ಹೇಳಿ ನಕ್ಕೆ. ಸದ್ದು ಶುರುವಾದಾಗ ನನ್ನ ಮುಂದೆ ಇದ್ದಿದ್ದು ಅಲ್ಲಿ ಕೂತಿದಾರಲ್ಲ, ಅವ್ರ ಅಂಗಿ. ನಾಲ್ಕು ಅಂಗಿ ಮುಗಿಸ್ದೆ. ಸದ್ದು ನಿಲ್ಲುವಾಗ ಐದನೇದರ ಕಾಲರಲ್ಲಿದ್ದೆ. ಒಂದು ಅಂಗಿಗೆ ನಂಗೆ ನಾಲ್ಕು ನಿಮಿಷ ಬೇಕು. ವಕೀಲ್ರು ಐದು ನಿಮಿಷ ಅಂತಾರೆ. ಅವ್ರಿಗೆ ಇಸ್ತ್ರಿ ಮಾಡಿ ಗೊತ್ತಿಲ್ಲ."

ಅವಳು ಬಾಗಿಲು ಬಡಿಯುತ್ತಿದ್ದಳು ಕಣೋ. ನಾನು ನಗುತ್ತಿದ್ದೆ. ಇದನ್ನು ನಿನಗೆ ಹೇಳಲು ನನ್ನ ಕೈಲಿ ಆಗಿರಲಿಲ್ಲ. ಗೊತ್ತಿರದ ಜನರ ಮುಂದೆ, ನೀರಿನ ಲೋಟಗಳ ಮುಂದೆ ಹೇಳಿಬಿಟ್ಟೆ. ನೀನು ನನ್ನನ್ನು ಕ್ಷಮಿಸಬೇಕೆಂದೇನೂ ಇಲ್ಲ. ನಾನೂ ಕ್ಷಮಿಸಿಕೊಂಡಿಲ್ಲ, ಮತ್ತು ನನ್ನನ್ನೇ ಕ್ಷಮಿಸದವಳು ಅವನನ್ನು ಹೇಗೆ ಬಿಟ್ಟಾಳು? ಅಧ್ಯಕ್ಷ ನನ್ನ ಕಡೆ ನೋಡದೆ ತನ್ನ ಅಂಗೈಗಳನ್ನೇ ನೋಡಿಕೊಂಡ. ಮಾರನೆಯ ವಾರ ಸಮಿತಿ ಮಸೂದೆಯನ್ನು ಪೂರ್ತಿಯಾಗಿ, ನನ್ನ ಕಲಮಿನ ಸಮೇತ ಸಭೆಗೆ ಕಳಿಸಿತು. ಶಾಸನಸಭೆಯಲ್ಲಿ ಒಂಬತ್ತು ಮತಗಳ ಅಂತರದಿಂದ ಗೆದ್ದಿತು. ಪತ್ರಿಕೆಯವರು ಅದಕ್ಕೇನೋ ಉದ್ದನೆಯ ಹೆಸರು ಬರೆದರು. ಲಾಂಡ್ರಿಯ ಹೆಂಗಸರು ಮಾತ್ರ ಹಿಂಬಾಗಿಲ ಕಾಯ್ದೆ ಅನ್ನುತ್ತಾರೆ. ಅವತ್ತು ಮೌಲ್ವಿ ಅತ್ತರು, ಪಾದ್ರಿ ಎಲ್ಲರನ್ನೂ ತಬ್ಬಿಕೊಂಡರು, ಅರ್ಚಕರು ನಿಯಮಗಳ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನನಗೆ ಕೆಲಸ ಅಲ್ಲಿಂದ ಶುರುವಾಯಿತು.

ಬಸ್ ಡಿಪೋ ಹಿಂದಿನ ಗೋದಾಮಿನಲ್ಲಿ ಅವನ ಹೊಸ ಲಾಂಡ್ರಿ. ಅಲ್ಲಿ ಬಟ್ಟೆ ಹಿಂಡುವ ಒಬ್ಬ ಹೆಂಗಸು ಜನವರಿಯಲ್ಲಿ ನನ್ನ ಹತ್ತಿರ ಬಂದು, ಬೆಳಗಿನ ಪಾಳಿಯಲ್ಲಿ ಹಿಂಬಾಗಿಲಿಗೆ ಸರಪಳಿ ಬೀಳುತ್ತಿದೆ, ಹತ್ತೊಂಬತ್ತು ಜನ ಒಳಗಿರುತ್ತೇವೆ ಅಂದಳು. ಮುಚ್ಚಿಡದೆ ಹೇಳುತ್ತೇನೆ, ನನಗೆ ಖುಷಿಯಾಯಿತು. ಆಗಲೇ ಇನ್ಸ್‌ಪೆಕ್ಟರ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಮೇಸ್ತ್ರಿ ಸಿಕ್ಕಿಬಿದ್ದು ಮಾಲೀಕ ಮತ್ತೆ ನುಣುಚಿಕೊಂಡರೆ? ಮಾಲೀಕನೇ ಅಲ್ಲಿರುವ ದಿನ ಬೇಕು, ಬೀಗದ ಕೈ ಅವನ ಕೈಯಲ್ಲೇ ಇರಬೇಕು. ಹನ್ನೊಂದು ದಿನ ಬೆಳಿಗ್ಗೆ ಆ ಹಿಂದಿನ ಓಣಿಯಲ್ಲಿ ತರಕಾರಿ ಚೀಲ ಹಿಡಿದು ನಿಂತೆ. ಹನ್ನೊಂದು ದಿನವೂ ಸರಪಳಿ ನೋಡಿದೆ, ಒಳಗಿನ ಮಿಷನ್ನುಗಳ ಸದ್ದು ಕೇಳಿದೆ, ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಆಮೇಲೆ ಮೌಲ್ವಿಗೆ ಇದನ್ನು ಹೇಳಿದಾಗ ಅವರು, "ಆ ಹನ್ನೊಂದು ದಿನದಲ್ಲಿ ಒಂದಿನ ಏನಾದ್ರೂ ಆಗಿದ್ರೆ ಅಮ್ಮಾ?" ಎಂದು ಕೇಳಿದರು. ಆಗಿದ್ದರೆ ನನಗೂ ಅವನಿಗೂ ಏನು ವ್ಯತ್ಯಾಸ ಇರುತ್ತಿತ್ತು ಎಂದು ಆ ಪುಣ್ಯಾತ್ಮ ಕೇಳಲಿಲ್ಲ. ಕೇಳದೆ ಎದ್ದು ಹೋದರು. ಆ ದಿನದಿಂದ ನನ್ನ ಜೊತೆ ಮಾತು ಸ್ವಲ್ಪ ಕಡಿಮೆ.

ಹನ್ನೆರಡನೆಯ ದಿನ ಅವನ ಕಾರು ಬಂತು. ಮೂಲೆಯ ಅಂಗಡಿಯಿಂದ ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಇಪ್ಪತ್ತು ನಿಮಿಷದಲ್ಲಿ ಬಂದು ಮುಂಬಾಗಿಲು ತಟ್ಟಿದಳು. ನಾನು ಓಣಿಯಲ್ಲೇ ನಿಂತಿದ್ದೆ. ಪಕ್ಕದ ಸಂದಿಯಿಂದ ಅವನೇ ಓಡಿ ಬಂದ, ಕೈಯಲ್ಲಿ ಬೀಗದ ಕೈ. ಬೀಗಕ್ಕೆ ಹಾಕಿದ, ತಿರುಗಿಸಲು ಆಗಲಿಲ್ಲ. ನೀನು ಮುರಿದ ಮಣಿಕಟ್ಟು ಇನ್ನೂ ನೆಟ್ಟಗಾಗಿಲ್ಲ ಕಣೋ! ಎಡಗೈಗೆ ಬದಲಾಯಿಸಿದ, ಬೀಳಿಸಿದ, ಬಗ್ಗಿ ಹುಡುಕಿದ, ಮತ್ತೆ ಹಾಕಿದ. ನಾನು ಅಷ್ಟನ್ನೂ ಹತ್ತು ಹೆಜ್ಜೆ ದೂರದಿಂದ, ಕಣ್ಣು ಮಿಟುಕಿಸದೆ ನೋಡಿದೆ. ಅಂತೂ ಬೀಗ ಬಿಚ್ಚಿಕೊಂಡಿತು. ಆ ಕ್ಷಣಕ್ಕೆ ಇನ್ಸ್‌ಪೆಕ್ಟರು ತಿರುವು ದಾಟಿ ಬಂದಳು. ಅವಳಿಗೆ ಕಂಡದ್ದು ತೆರೆದ ಬಾಗಿಲು ಮತ್ತು ಅವನ ಕೈಯಲ್ಲಿ ಜೋತಾಡುವ ಸರಪಳಿ. "ಬಾಗ್ಲು ತೆಗೆದೇ ಇತ್ತು ಮೇಡಂ, ಇದು ಕೆಳಗೆ ಬಿದ್ದಿತ್ತು, ಎತ್ಕೊಂಡೆ" ಅಂದ. ನಾನು ಮುಂದೆ ಬಂದೆ. ನನ್ನನ್ನು ನೋಡಿ "ನೀನಾ?" ಅಂದ. ಮೂರು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಶಾಪವೆಲ್ಲ ಮರೆತೇ ಹೋಯಿತು. "ಕಾಲರಿಗೆ ಗಂಜಿ ಸಾಲ್ದು ಸಾರ್, ಯಾರ ಹತ್ರ ಕೊಡ್ತಿದೀರಿ ಈಗ?" ಅಂದೆ. ಆಮೇಲೆ ಇನ್ಸ್‌ಪೆಕ್ಟರಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿ ಸಹಿ ಹಾಕಿದೆ. ಮಧ್ಯಾಹ್ನದೊಳಗೆ ಪೊಲೀಸರು ಅವನನ್ನು ಜೀಪಿನಲ್ಲಿ ಕೂರಿಸಿದರು. ಒಳಗಿದ್ದ ಹತ್ತೊಂಬತ್ತು ಜನರೂ ಬಾಗಿಲಲ್ಲಿ ನಿಂತು ನೋಡಿದರು.

"ಈಗ ನೆಮ್ಮದಿ ಆಯ್ತಾ ಅಮ್ಮಾ?" ಎಂದು ಪಾದ್ರಿ ಕೇಳಿದರು. "ಇಲ್ಲ ಸ್ವಾಮಿ, ಹಸಿವಾಯ್ತು" ಅಂದೆ. ನಿಜ ಕಣೋ. ಮನೆಗೆ ಬಂದು ಪಾತ್ರೆ ಬರಿದಾಗುವವರೆಗೆ ಉಂಡೆ. ಒಂದು ತಿಂಗಳೊಳಗೆ ಅವನು ಜಾಮೀನಿನ ಮೇಲೆ ಹೊರಬಂದ ಎಂದು ಕೇಳಿದಾಗಲೂ ಊಟ ಬಿಡಲಿಲ್ಲ. ವಿಚಾರಣೆ ಇದೆ, ಕಲಮಿದೆ, ನಾನಿದ್ದೇನೆ. ಇನ್ನು ನೀನು ನನ್ನನ್ನು ನಾಚಿಕೆ ಆಗಲ್ವಾ ಎಂದು ಕೇಳಬೇಡ. ಕೇಳುವುದಾದರೆ ಆ ಹನ್ನೊಂದು ದಿನದ ಬಗ್ಗೆ ಕೇಳು, ಅದಕ್ಕೆ ತಲೆ ತಗ್ಗಿಸುತ್ತೇನೆ.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಅರ್ಚಕರು ನಿನಗೆ ಓದಲು ಎರಡು ಪುಸ್ತಕ ಕೊಟ್ಟಿದ್ದಾರೆ, ಮುಂದಿನ ಭೇಟಿಗೆ ತರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಯಾರ ಜೊತೆಗೂ ಕೈ ಮಿಲಾಯಿಸಬೇಡ. ನಿನ್ನ ಮೈಗೆ ಯಾವ ನೋವೂ ತಾಗದಿರಲಿ, ನಿನ್ನ ಆಯಸ್ಸು ನನ್ನದಕ್ಕಿಂತ ಎರಡರಷ್ಟಾಗಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕತ್ತಲಾಗುತ್ತಾ ಬಂತು, ಬೇಗ ಬರೆಯುತ್ತೇನೆ. ಮೊನ್ನೆ ಶುಕ್ರವಾರ ಮಾಲೀಕನ ಹೆಂಡತಿ ಬಂದಿದ್ದಳು. ಬೀಗ ಹಾಕಿದ್ದನ್ನು, ಅವನು ತೆಗೆದದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ, ಒಳಗಿನವರಿಗೆ ಕಾಣುವಂತಿರಲಿಲ್ಲ. "ದೂರದಿಂದ ಸರಿಯಾಗಿ ಕಾಣ್ಲಿಲ್ಲ ಅಂತ ಹೇಳಿಬಿಡಿ ಸಾಕು. ನಿಮ್ಮ ಮಗನ್ನ ಬಿಡೋದಕ್ಕೆ ನಮ್ಮದೇನೂ ಅಡ್ಡಿ ಇಲ್ಲ ಅಂತ ಇವ್ರು ಜೈಲಿನ ಮಂಡಳಿಗೆ ಬರೆದುಕೊಡ್ತಾರೆ, ಬರೋ ತಿಂಗಳೇ ಮನೆಗೆ ಬರ್ತಾನೆ" ಅಂದಳು. ಸಹಿ ಹಾಕಿದ ಕಾಗದವನ್ನೂ ತಂದಿದ್ದಳು, ಸುಳ್ಳಲ್ಲ, ನಾನೇ ಓದಿದೆ. ನಿನ್ನನ್ನು ಕೇಳಿ ಹೇಳುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಅವಳು ಇನ್ನೂ ಹೊಸ್ತಿಲಲ್ಲಿ ನಿಂತಿರುವಾಗಲೇ ಆಗಲ್ಲ ಅಂದುಬಿಟ್ಟೆ. ಆಮೇಲೆ ಎರಡು ದಿನ ಯೋಚಿಸಿದೆ. ಈಗಲೂ ಆಗಲ್ಲ ಅಂತಲೇ. ನಾಳೆ ಕೋರ್ಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ನೀನು ಅಲ್ಲಿ ಕಳೆಯಬೇಕಾದದ್ದು ಇನ್ನೂ ಎರಡು ವರ್ಷ ನಾಲ್ಕು ತಿಂಗಳು. ಇಲ್ಲಿಯವರೆಗೆ ನಿನ್ನನ್ನು ಒಳಗಿಟ್ಟದ್ದು ಅವನು. ಇನ್ನು ಮೇಲೆ ನಾನು.